ಕೆರೆಗೊಂದು ದೋಣಿ: ಚಿಕ್ಕದೋ, ದೊಡ್ಡದೋ?

ಚಿಕ್ಕಬಳ್ಳಾಪುರದ ಸೀಮೆಯಲ್ಲಿ ದೋಣಿಯ ಮಾತೇ ಎಂದು ವಾಚಕರು ನಗಬಹುದು. ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ನದಿಗಳು ಹಲವು. ಆದರೆ ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿ ಒಂದೂ ಇಲ್ಲ. ಗೌರಿಬಿದನೂರಿನ ಬಳಿ ಸಾಗುವ ಉತ್ತರ ಪಿನಾಕಿನಿಯೂ ವರ್ಷದ ಬಹುಭಾಗ ಮರಳಿನ ಹಾಸಾಗಿಯೇ ಇರುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಕಂಡ ಕಂಡ ತಗ್ಗಿಗೆ ಏರಿ ಹಾಕಿ ಕೆರೆ ಕಟ್ಟಿದರು. ಚಿಕ್ಕಬಳ್ಳಾಪುರದ ಕಂದವಾರ ಕೆರೆ, ಶಿಡ್ಲಘಟ್ಟದ ಅಮ್ಮನ ಕೆರೆ ಮತ್ತು ಗೌಡನ ಕೆರೆ, ಚಿಂತಾಮಣಿಯ ಕನ್ನಂಪಲ್ಲಿ ಕೆರೆ ಇವೆಲ್ಲ ಆ ಸಾಲಿಗೆ ಸೇರಿದವು. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದುದನ್ನು ನಾವೆಲ್ಲ ಬಲ್ಲೆವು. ಕಂದವಾರವೇ ಮೊದಲಾದ ಕೆಲವು ಕೆರೆಗಳಿಗೆ ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆನೀರನ್ನು ಸಂಸ್ಕರಿಸಿ ಹರಿಸುವ ಏರ್ಪಾಡೂ ಆಗಿದೆ. ನೀರು ನಿಂತಲ್ಲಿ ಮೀನು, ಮೀನಿದ್ದಲ್ಲಿ ಬಲೆ, ಬಲೆಯ ಹಿಂದೆಯೇ ದೋಣಿಯ ಪ್ರಶ್ನೆ.

ಹಿಂದೆ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಬಿದಿರಿನ ಹೆಣಿಗೆಗೆ ಚರ್ಮವನ್ನೋ ಟಾರ್ಪಾಲನ್ನೋ ಹೊದಿಸಿದ ಹರಿಗೋಲೊಂದಿದ್ದರೆ ಸಾಕು. ಅಲ್ಯೂಮಿನಿಯಮ್ ತಗಡಿನ ಚಿಕ್ಕ ದೋಣಿಗೆ ಹಿಂಬದಿಯ ಹಲಗೆಯ ಮೇಲೆ ಬಿಗಿಯುವ ಎಂಜಿನ್ನನ್ನು, ಎಂದರೆ ಔಟ್‌ಬೋರ್ಡ್ ಎಂಜಿನ್ನನ್ನು, ಜೋಡಿಸಿ ಬಳಸುವುದು ಇಂದು ಲೋಕದ ಅನೇಕ ಕಡೆ ರೂಢಿಯಲ್ಲಿದೆ. ಒಂದು ಊರಿನ ಮೀನುಗಾರರ ಸಂಘವು ಇಂತಹ ದೋಣಿಯೊಂದನ್ನು ಕೊಳ್ಳಲು ಹೊರಟಿದೆ ಎಂದು ಭಾವಿಸೋಣ. ಅವರ ಮುಂದೆ ಎರಡು ದೋಣಿಗಳಿವೆ. ಚಿಕ್ಕದು 3.6 ಮೀಟರ್ ಉದ್ದ, 1.4 ಮೀಟರ್ ಅಗಲ, 55 ಸೆಂಟಿಮೀಟರ್ ಆಳ. ತೂಕ 60 ಕಿಲೋಗ್ರಾಂ. ದೊಡ್ಡದು 4.2 ಮೀಟರ್ ಉದ್ದ, 1.6 ಮೀಟರ್ ಅಗಲ, 60 ಸೆಂಟಿಮೀಟರ್ ಆಳ. ತೂಕ 100 ಕಿಲೋಗ್ರಾಂ. ಕಣ್ಣಿಗೆ ಇವುಗಳ ನಡುವೆ ಹೆಚ್ಚಿನ ಭೇದ ತೋರದು. ಯಾವುದನ್ನು ಆರಿಸಬೇಕು?

ಮೊದಲು ಭಾರದ ಲೆಕ್ಕವನ್ನು ನೋಡೋಣ. ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬುದು ಆರ್ಕಿಮಿಡೀಸನ ತತ್ತ್ವ. ದೋಣಿಯ ಮೂತಿ ಮೊನಚಾಗಿರುವುದರಿಂದ ನೀರಿನ ಮಟ್ಟದಲ್ಲಿ ಅದರ ವಿಸ್ತೀರ್ಣವು ಉದ್ದ ಅಗಲಗಳ ಗುಣಲಬ್ಧದ ಸುಮಾರು ಹತ್ತರಲ್ಲಿ ಏಳು ಪಾಲಿರುತ್ತದೆ. ಈ ಲೆಕ್ಕದಂತೆ ಚಿಕ್ಕ ದೋಣಿಯನ್ನು ಒಂದು ಸೆಂಟಿಮೀಟರ್ ಇಳಿಸಲು 35 ಕಿಲೋಗ್ರಾಂ ಬೇಕು. ದೊಡ್ಡದಕ್ಕೆ 47 ಕಿಲೋಗ್ರಾಂ. ತಲಾ 65 ಕಿಲೋಗ್ರಾಮಿನ ಆರು ಜನರನ್ನೂ, ಎಂಜಿನ್, ಬಲೆ, ಮೀನು ಸೇರಿ 77 ಕಿಲೋಗ್ರಾಮನ್ನೂ ಹೇರಿದರೆ ಚಿಕ್ಕ ದೋಣಿ ನೀರಿನಲ್ಲಿ ಇಳಿಯುವುದು ಸುಮಾರು 15 ಸೆಂಟಿಮೀಟರ್ ಮಾತ್ರ. ಅಂಚು ಇನ್ನೂ 40 ಸೆಂಟಿಮೀಟರ್ ಮೇಲಿರುತ್ತದೆ. ದಡದಲ್ಲಿ ನಿಂತವರು ಇದನ್ನು ಕಂಡು, ‘ಇನ್ನೂ ಇಬ್ಬರು ಹತ್ತಬಹುದು’ ಎನ್ನುತ್ತಾರೆ. ಅನಾಹುತಕ್ಕೆ ಮೂಲ ಈ ಮಾತೇ. ಚಿಕ್ಕ ದೋಣಿಗಳು ಭಾರದಿಂದ ಮುಳುಗುವುದು ಅಪರೂಪ; ಅವು ಓರೆಯಾಗಿ ಮಗುಚುತ್ತವೆ. ಮುಳುಗುವುದರ ಲೆಕ್ಕ ಬೇರೆ, ಮಗುಚುವುದರ ಲೆಕ್ಕ ಬೇರೆ.

ಎರಡನೆಯ ಲೆಕ್ಕವನ್ನು ತುಸು ಎಚ್ಚರದಿಂದ ಗಮನಿಸಬೇಕು. ದೋಣಿ ಒಂದು ಬದಿಗೆ ವಾಲಿದಾಗ ಆ ಬದಿಯ ಒಂದು ಬೆಣೆಯಾಕಾರದ ಭಾಗ ನೀರಿಗಿಳಿಯುತ್ತದೆ. ಎದುರು ಬದಿಯ ಅಷ್ಟೇ ಭಾಗ ಮೇಲೇಳುತ್ತದೆ. ಇಳಿದ ಬದಿಯನ್ನು ನೀರು ಮೇಲಕ್ಕೆ ತಳ್ಳಿ ದೋಣಿಯನ್ನು ನೆಟ್ಟಗೆ ನಿಲ್ಲಿಸಲು ಯತ್ನಿಸುತ್ತದೆ. ಈ ಬೆಣೆಯ ಅಡ್ಡಕೊಯ್ತದ ವಿಸ್ತೀರ್ಣವು ಅಗಲದ ವರ್ಗದಂತೆ ಬೆಳೆಯುತ್ತದೆ. ಅದು ನಡುಗೆರೆಯಿಂದ ಇರುವ ದೂರವು ಅಗಲದಂತೆಯೇ ಬೆಳೆಯುತ್ತದೆ. ಎರಡನ್ನೂ ಗುಣಿಸಿದರೆ ಅಗಲದ ಘನವಾಯಿತು. ಉದ್ದವಾದರೋ ಒಂದೇ ಸಲ ಗುಣಕವಾಗಿ ಬರುತ್ತದೆ. ಆದುದರಿಂದ ನಮ್ಮ ದೊಡ್ಡ ದೋಣಿ ಉದ್ದದಲ್ಲಿ ಶೇಕಡಾ 17ರಷ್ಟು, ಅಗಲದಲ್ಲಿ ಶೇಕಡಾ 14ರಷ್ಟು ಮಾತ್ರ ಹೆಚ್ಚಾಗಿದ್ದರೂ, ಅದನ್ನು ನೆಟ್ಟಗೆ ನಿಲ್ಲಿಸುವ ಶಕ್ತಿ ಶೇಕಡಾ 74ರಷ್ಟು ಹೆಚ್ಚು! ಸ್ಥೂಲವಾಗಿ ಅಂಕಿಗಳಲ್ಲಿ ಹೇಳುವುದಾದರೆ, ಚಿಕ್ಕದಕ್ಕೆ 412, ದೊಡ್ಡದಕ್ಕೆ 717. (ಒಂದು ರೇಡಿಯನ್ ಓರೆಗೆ ಇಷ್ಟು ಕಿಲೋಗ್ರಾಂ-ಮೀಟರ್ ಎಂದು ಇದರ ಅರ್ಥ.)

ಈ ಶಕ್ತಿಯೆಲ್ಲವೂ ನಮ್ಮ ಕೈಗೆ ದಕ್ಕುವುದಿಲ್ಲ. ದೋಣಿಯೂ ಅದರಲ್ಲಿರುವ ಜನರೂ ಸೇರಿದ ಗುರುತ್ವಕೇಂದ್ರವು ನೀರಿನ ತಳ್ಳುವಿಕೆಯ ಕೇಂದ್ರಕ್ಕಿಂತ ಮೇಲಿರುತ್ತದೆ. ಅದು ಎಷ್ಟು ಮೇಲಿದ್ದರೆ ಅಷ್ಟೂ ದೋಣಿಯನ್ನು ಮಗುಚುವ ಪಕ್ಷಕ್ಕೆ ಸೇರುತ್ತದೆ. ಕುಳಿತ ಮನುಷ್ಯನ ಗುರುತ್ವಕೇಂದ್ರ ದೋಣಿಯ ತಳದಿಂದ ಸುಮಾರು 60 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ನಿಂತವನದು ಸುಮಾರು ಒಂದು ಮೀಟರಿನಲ್ಲಿರುತ್ತದೆ. ಚಿಕ್ಕ ದೋಣಿಯಲ್ಲಿ ಆರು ಜನ ಕುಳಿತರೆ 412ರಲ್ಲಿ 237 ಹೀಗೆ ಕಳೆದು ಉಳಿಯುವುದು 175. ಆ ಆರು ಜನರೂ ಎದ್ದು ನಿಂತರೆ? ಕಳೆಯುವುದು 393, ಉಳಿಯುವುದು ಬರಿಯ 19. ಇನ್ನು ಒಬ್ಬನು ಮಗ್ಗುಲಿಗೆ ಬಾಗಿದರೂ ಸಾಕು, ದೋಣಿ ಮಗುಚೀತು. ದೊಡ್ಡ ದೋಣಿಯಲ್ಲಿ ಆರು ಜನ ಕುಳಿತಾಗ 464 ಉಳಿದರೆ, ನಿಂತಾಗಲೂ 309 ಉಳಿಯುತ್ತದೆ.

ಎಲ್ಲರೂ ಕುಳಿತೇ ಇದ್ದರೂ ಅಪಾಯ ತಪ್ಪಿತೆನ್ನುವಂತಿಲ್ಲ. ಬಲೆಗೆ ದೊಡ್ಡ ಮೀನು ಬಿತ್ತೆಂದು ಮೂವರು ಒಂದೇ ಬದಿಗೆ ಅರ್ಧ ಮೀಟರಿನಷ್ಟು ಸರಿದರೆಂದುಕೊಳ್ಳಿ. ಆಗ ದೊಡ್ಡ ದೋಣಿ ಸುಮಾರು 12 ಡಿಗ್ರಿ ವಾಲುತ್ತದೆ. ಅಂಚು ನೀರಿಗಿಂತ ಇನ್ನೂ ಒಂದು ಗೇಣು ಮೇಲೆಯೇ ಇರುತ್ತದೆ. ಚಿಕ್ಕದು 30 ಡಿಗ್ರಿಗೂ ಮಿಕ್ಕಿ ವಾಲುವುದರಿಂದ ಅದರ ಅಂಚು ನೀರನ್ನು ಮುಟ್ಟುವಷ್ಟು ಹತ್ತಿರ ಬರುತ್ತದೆ. ಒಳಗೆ ಬಂದ ನೀರು ತಗ್ಗಿನ ಬದಿಗೇ ಹರಿದು ಸೇರುತ್ತದೆ. ಉಳಿದ ಕೆಲಸವನ್ನು ಅದೇ ಮುಗಿಸುತ್ತದೆ.

ಹಾಗಾದರೆ ಎಷ್ಟು ಜನ ಹತ್ತಬಹುದು? ಸಾಮರ್ಥ್ಯದ ಫಲಕವಿಲ್ಲದ ಚಿಕ್ಕ ದೋಣಿಗಳಿಗೆ ಅಮೆರಿಕದಲ್ಲಿ ಒಂದು ಸುಲಭ ಸೂತ್ರ ಬಳಕೆಯಲ್ಲಿದೆ: ಉದ್ದ ಅಗಲಗಳನ್ನು ಅಡಿಗಳಲ್ಲಿ ಗುಣಿಸಿ 15ರಿಂದ ಭಾಗಿಸಬೇಕು. ಭಿನ್ನಾಂಕವನ್ನು ಬಿಟ್ಟರೆ ನಮ್ಮ ಚಿಕ್ಕ ದೋಣಿಗೆ 3, ದೊಡ್ಡದಕ್ಕೆ 4 ಬರುತ್ತದೆ. ಆರು ಜನರ ಮಾತು ಎರಡಕ್ಕೂ ಸಲ್ಲದು. ಮೂವರು ಕುಳಿತ ಚಿಕ್ಕ ದೋಣಿಯಲ್ಲಿ 270 ಉಳಿಯುತ್ತದೆ ಎಂದು ಮೇಲಿನ ರೀತಿಯಲ್ಲಿಯೇ ಲೆಕ್ಕ ಹಾಕಿದರೆ ಸೂತ್ರದ ಮರ್ಮ ತಿಳಿಯುತ್ತದೆ.

ಎಂಜಿನ್ನಿನ ವಿಷಯವೇನು? ದೊಡ್ಡ ಎಂಜಿನ್ ಹಾಕಿದರೆ ಬೇಗ ಹೋಗಬಹುದಲ್ಲವೆ ಎಂದು ಕೇಳುವವರುಂಟು. ನೀರನ್ನು ಸೀಳಿಕೊಂಡು ಸಾಗುವ ದೋಣಿ ತಾನೇ ಎಬ್ಬಿಸಿದ ಅಲೆಯೊಡನೆ ಹೋರಾಡಬೇಕಾಗುತ್ತದೆ. ಅದರ ಸುಲಭ ವೇಗದ ಮಿತಿಯು ನೀರಿನಲ್ಲಿರುವ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ. ಚಿಕ್ಕದಕ್ಕೆ ಅದು ಗಂಟೆಗೆ ಸುಮಾರು 8.3 ಕಿಲೋಮೀಟರ್, ದೊಡ್ಡದಕ್ಕೆ 9. ಒಂದು ಕಿಲೋಮೀಟರ್ ಅಗಲದ ಕೆರೆಯನ್ನು ದಾಟುವಾಗ ಈ ಭೇದದಿಂದ ಅರ್ಧ ನಿಮಿಷ ಉಳಿಯಬಹುದು, ಅಷ್ಟೇ! ಇಷ್ಟಕ್ಕೆ ಎರಡು ಮೂರು ಅಶ್ವಶಕ್ತಿಯ ಎಂಜಿನ್ ಸಾಕು. ಅದರ ತೂಕ 20 ಕಿಲೋಗ್ರಾಮಿನೊಳಗೇ ಇರುತ್ತದೆ. ದೋಣಿಯನ್ನು ನೀರಿನ ಮೇಲ್ಮೈಗೆ ಎತ್ತಿ ಓಡಿಸಬಲ್ಲ 15 ಅಶ್ವಶಕ್ತಿಯದು 50 ಕಿಲೋಗ್ರಾಮಿನಷ್ಟು ತೂಗಿ ಹಿಂಬದಿಯನ್ನು ಜಗ್ಗುತ್ತದೆ. ನಮ್ಮ ಕೆರೆಗಳ ಅಂಗಳದಲ್ಲಿ ಜಾಲಿಯ ಮೋಟುಗಳೂ ಜೊಂಡೂ ತುಂಬಿರುವುದರಿಂದ ವೇಗಕ್ಕಿಂತ ಎಂಜಿನ್ನಿನ ಪಂಖವನ್ನು ಕಾಪಾಡಿಕೊಳ್ಳುವುದೇ ಮುಖ್ಯ. ಹುಟ್ಟುಗಳನ್ನಂತೂ ಮರೆಯಬಾರದು.

ಲೋಹದ ಬಗೆಗೂ ಒಂದು ಮಾತು. ಅಲ್ಯೂಮಿನಿಯಮಿನ ಸಾಂದ್ರತೆ ಉಕ್ಕಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಗಾಳಿ ತಗುಲಿದೊಡನೆ ಅದರ ಮೇಲೆ ಬಹು ತೆಳುವಾದ ಆಕ್ಸೈಡಿನ ಪೊರೆ ಮೂಡಿ ಒಳಗಿನ ಲೋಹವನ್ನು ಕಾಯುತ್ತದೆ. ಹಿತ್ತಾಳೆಯ ಮೊಳೆಯನ್ನೋ ತಿರುಪನ್ನೋ ಬಿಗಿದರೆ ಮಾತ್ರ ನೀರಿನಲ್ಲಿ ವಿದ್ಯುತ್ಕೋಶವೊಂದು ಏರ್ಪಟ್ಟು ಅಲ್ಯೂಮಿನಿಯಮ್ ಸವೆಯುತ್ತದೆ. ಲೋಹದ ದೋಣಿಗೆ ನೀರು ತುಂಬಿದರೆ, ಮರದ್ದರಂತೆ ಅದು ತಾನಾಗಿ ತೇಲುವುದಿಲ್ಲ. ಆದುದರಿಂದ ಆಸನಗಳ ಕೆಳಗೆ ನೊರೆಪ್ಲಾಸ್ಟಿಕ್ ತುಂಬಿರುತ್ತಾರೆ. ಎಂಜಿನ್ನನ್ನೂ ಲೆಕ್ಕಕ್ಕೆ ಹಿಡಿದರೆ ಚಿಕ್ಕ ದೋಣಿಗೆ ಕನಿಷ್ಠ 55 ಲೀಟರ್, ದೊಡ್ಡದಕ್ಕೆ 80 ಲೀಟರ್ ನೊರೆ ಬೇಕು. ಜನ ಹಿಡಿದು ಜೋತುಬೀಳಬೇಕಾದರೆ ಇನ್ನೂ ಹೆಚ್ಚು. ಕೊಳ್ಳುವ ಮುನ್ನ ಇದನ್ನು ವಿಚಾರಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ದೊಡ್ಡದೇ ಲೇಸೆಂದು ತೀರ್ಮಾನಿಸಬಹುದೆ? ಈ ಸೀಮೆಯಲ್ಲಿ ಅವಸರ ಸಲ್ಲದು. ಇಲ್ಲಿನ ಕೆರೆಗಳು ಹಿಂಗಾರಿನಲ್ಲಿ ತುಂಬಿ, ಬೇಸಗೆಯಲ್ಲಿ ಒಂದೊಂದಾಗಿ ಬತ್ತುವುದುಂಟು. ದೋಣಿಯೂ ಕೆರೆಯಿಂದ ಕೆರೆಗೆ ಹೋಗಬೇಕಾಗುತ್ತದೆ. 60 ಕಿಲೋಗ್ರಾಮಿನ ದೋಣಿಯನ್ನು ಇಬ್ಬರು ಎತ್ತಿ ಟ್ರ್ಯಾಕ್ಟರಿನ ಟ್ರೈಲರಿಗೆ ಹಾಕಬಲ್ಲರು. ನೂರರದಕ್ಕೆ ನಾಲ್ವರು ಬೇಕು. ಇಬ್ಬರೇ ಕುಳಿತು ಬಲೆ ನೋಡಿಕೊಳ್ಳುವ ಕೆಲಸಕ್ಕೆ ಚಿಕ್ಕದು ಧಾರಾಳವಾಗಿ ಸಾಕು. ಎದ್ದು ನಿಂತು ಬಲೆ ಎಳೆಯುವುದಾದರೆ, ಜನರನ್ನು ದಾಟಿಸುವುದಾದರೆ, ನೆರೆಯಲ್ಲಿ ಸಿಕ್ಕವರನ್ನು ನೀರಿನಿಂದ ಎತ್ತಿಕೊಳ್ಳುವುದಾದರೆ ದೊಡ್ಡದೇ ಬೇಕು. ಚಿಕ್ಕದನ್ನು ಕೊಂಡು ದೊಡ್ಡದರ ಕೆಲಸ ಮಾಡಿಸುವುದೇ ತಪ್ಪು. ಯಾವುದೇ ಆಗಲಿ, ಹತ್ತಿದ ಪ್ರತಿಯೊಬ್ಬನಿಗೂ ಲೈಫ್ ಜಾಕೆಟ್ಟು ಇರಲೇಬೇಕು.

ನಮ್ಮ ಮಾತನ್ನು ವಾಚಕರು ಹಾಗೆಯೇ ನಂಬಬೇಕಾಗಿಲ್ಲ. ಸ್ವಲ್ಪ ಅಗಲದಲ್ಲಿ ಮಾತ್ರ ಭೇದವಿರುವ ಎರಡು ಉದ್ದನೆಯ ಡಬ್ಬಿಗಳನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಡಿ. ಎರಡಕ್ಕೂ ಒಂದೇ ತೂಕದ ಕಲ್ಲುಗಳನ್ನು ಮೊದಲು ತಳದಲ್ಲಿ ಹರಡಿ, ಆಮೇಲೆ ಒಂದರ ಮೇಲೊಂದು ಪೇರಿಸಿ ನೋಡಿ. ತೂಕ ಬದಲಾಗಲಿಲ್ಲ, ಇಳಿದ ಆಳವೂ ಬದಲಾಗಲಿಲ್ಲ; ಆದರೂ ಕಿರಿದಾದ ಡಬ್ಬಿ ಮೊದಲು ಮಗುಚುತ್ತದೆ. ಕೆರೆಯ ದಡದಲ್ಲಿ ‘ಇನ್ನೂ ಇಬ್ಬರು ಹತ್ತಬಹುದು’ ಎಂಬ ಮಾತು ಕೇಳಿಬಂದಾಗ ಆ ಡಬ್ಬಿ ನೆನಪಿಗೆ ಬಂದರೆ ನಮ್ಮ ಶ್ರಮ ಸಾರ್ಥಕ.