ಬೆಳ್ಳಿ ಮುಗಿದ ಮೇಲೂ ಉಳಿದ ಕೆರೆಗಳು

ಸ್ಲೊವಾಕಿಯಾದ ನಡುಭಾಗದ ಬೆಟ್ಟಗಳಲ್ಲಿ ಬಾನ್ಸ್ಕಾ ಷ್ಟ್ಯಾವ್ನಿತ್ಸಾ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಸುಮಾರು 10,000. ನಮ್ಮ ಮಹಾನಗರಗಳಲ್ಲಿ ನಾಲ್ಕಾರು ವಸತಿ ಸಮುಚ್ಚಯಗಳಲ್ಲೇ ಅಷ್ಟು ಜನ ಸಿಕ್ಕಾರು! ಆದರೆ 18ನೇ ಶತಮಾನದಲ್ಲಿ ಇಲ್ಲಿ 20,000ಕ್ಕೂ ಹೆಚ್ಚು ಮಂದಿಯಿದ್ದರು; ಅಂದಿನ ಹಂಗೆರಿ ರಾಜ್ಯದ ಮೂರನೇ ದೊಡ್ಡ ಪಟ್ಟಣವಿದು.

ಅವರನ್ನು ಕರೆತಂದದ್ದು ಬೆಳ್ಳಿ, ಬಂಗಾರ. ಊರು ಕುಳಿತಿರುವುದು ಕೋಟಿಗೂ ಹೆಚ್ಚು ವರ್ಷಗಳಷ್ಟು ಹಳೆಯ, ಆರಿಹೋದ ಜ್ವಾಲಾಮುಖಿಯ ಮಡಿಲಲ್ಲಿ. ಅದಿರು ಅದರದೇ ಕೊಡುಗೆ. 1627ರಲ್ಲೇ ಇಲ್ಲಿನ ಗಣಿಯಲ್ಲಿ ಬಂಡೆ ಒಡೆಯಲು ಸಿಡಿಮದ್ದು ಬಳಸಿದ್ದರು.

ತೊಡಕೆಂದರೆ ನೀರು. ಗಣಿಯೊಳಗೆ ಅದು ತುಂಬಿಕೊಳ್ಳುತ್ತಿತ್ತು. ಅದನ್ನು ಎತ್ತಿಹಾಕುವ ಯಂತ್ರ ತಿರುಗಿಸೋಣವೆಂದರೆ ಹೊರಗೆ ದೊಡ್ಡ ನದಿಯೇ ಇಲ್ಲ. ಹಾಗಾಗಿ ಮಳೆ ಮತ್ತು ಹಿಮ ಕರಗಿದ ನೀರನ್ನು ಕಾಲುವೆಗಳಲ್ಲಿ ಹಿಡಿದು, ಬೆಟ್ಟಗಳ ನಡುವೆ ಸುಮಾರು 60 ಕೆರೆ ಕಟ್ಟಿದರು. ಮೇಲಿನ ನೀರಿನ ಬಲದಿಂದ ಕೆಳಗಿನ ನೀರನ್ನು ಹೊರಹಾಕಿದ ಈ ಜಾಣತನ ನನಗಂತೂ ಬೆಳ್ಳಿಗಿಂತ ದೊಡ್ಡದು.

ಅದಿರು ಕರಗಿತು. 1762ರಲ್ಲಿ ಹುಟ್ಟಿದ ಹೆಸರಾಂತ ಗಣಿ ವಿದ್ಯಾಲಯವೂ ಮೊದಲ ಮಹಾಯುದ್ಧದ ಬಳಿಕ ಹಂಗೆರಿಗೆ ಹೊರಟುಹೋಯಿತು. 1993ರಲ್ಲಿ ಯುನೆಸ್ಕೊ ಊರನ್ನೂ ಸುತ್ತಲಿನ ಗಣಿ ಕಟ್ಟಡಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆರೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಇಂದಿಗೂ ತುಂಬಿವೆ. ಬೇಸಿಗೆಯಲ್ಲಿ ಜನ ಅಲ್ಲಿ ಈಜುತ್ತಾರೆ.