ಹಳೆ ಜೀಪಿನ ಆಕ್ಸಲ್ ರೇಶಿಯೋ: ಒಂದು ಸೀಮೆಸುಣ್ಣದ ಲೆಕ್ಕ

ಮಲೆನಾಡು, ಕೊಡಗಿನ ಕಡೆಯವರಿಗೆ ಜೀಪು ಅಂದರೆ ಬರೀ ಗಾಡಿಯಲ್ಲ, ತೋಟದ ಮನೆಯ ಒಬ್ಬ ಆಳು. ಪುಣೆ, ಮುಂಬೈಗಳಲ್ಲಿ ನೆಲೆಸಿದ ಮೇಲೂ ಆ ಮೋಹ ಬಿಡುವುದಿಲ್ಲ. ಕೈಯಲ್ಲಿ ಸ್ವಲ್ಪ ಕಾಸು ಕೂಡಿದೊಡನೆ ಹಳೆಯ ವಿಲ್ಲಿಸ್ ಮಾದರಿಯ ಜೀಪು ಹುಡುಕಲು ಹೊರಡುತ್ತೇವೆ. ಮಾರುವವರು ಬಣ್ಣ, ಟೈರು, ಎಂಜಿನ್ ಎಲ್ಲವನ್ನೂ ತೋರಿಸುತ್ತಾರೆ. ಆಕ್ಸಲ್ ರೇಶಿಯೋ ಎಷ್ಟು ಎಂದು ಕೇಳಿದರೆ ಮಾತ್ರ "ಸಬ್ ಒರಿಜಿನಲ್ ಹೈ ಸಾಬ್" ಎಂಬ ಒಂದೇ ಉತ್ತರ. ಲಾಗ್ ನೋಡದೆ ಏನನ್ನೂ ನಂಬದ ನಮ್ಮಂಥ ಐಟಿಯವರಿಗೆ ಅಷ್ಟು ಸಾಲದು.

ರೇಶಿಯೋ ಅಂದರೆ ಇಷ್ಟೇ. ಪ್ರೊಪೆಲ್ಲರ್ ಶಾಫ್ಟಿನ ತುದಿಯ ಚಿಕ್ಕ ಪಿನಿಯನ್, ಆಕ್ಸಲಿನೊಳಗಿನ ದೊಡ್ಡ ಕ್ರೌನನ್ನು ತಿರುಗಿಸುತ್ತದೆ. ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿನಲ್ಲಿ ಕ್ರೌನಿಗೆ 39 ಹಲ್ಲು, ಪಿನಿಯನ್‌ಗೆ 8. ಭಾಗಿಸಿದರೆ 4.88. ಆಮೇಲೆ ಬಂದ ಸಿಜೆ-2ಎಯಲ್ಲಿ 43 ಮತ್ತು 8, ಅಂದರೆ 5.38. ಸಂಖ್ಯೆ ದೊಡ್ಡದಾದಷ್ಟೂ ಏರಿನಲ್ಲಿ ಎಳೆಯುವ ಶಕ್ತಿ ಹೆಚ್ಚು, ಹೈವೇಯಲ್ಲಿ ಎಂಜಿನ್ನಿನ ಕೂಗಾಟವೂ ಹೆಚ್ಚು. ಟೈರಿನ ಸುತ್ತಳತೆ 2.2 ಮೀಟರ್ ಇದ್ದು ಶಾಫ್ಟು ನಿಮಿಷಕ್ಕೆ 3000 ಸುತ್ತು ತಿರುಗಿದರೆ, 4.88ರಲ್ಲಿ ವೇಗ ಸುಮಾರು 81 ಕಿ.ಮೀ., 5.38ರಲ್ಲಿ 74 ಕಿ.ಮೀ. ಮಾತ್ರ.

ನಿಜವಾದ ಅಪಾಯ ಬೇರೆಯೇ ಇದೆ. ಹಳೆ ಜೀಪಿಗೆ ಬೇರೊಂದು ಗಾಡಿಯ ಆಕ್ಸಲ್ ಕೂರಿಸಿರಬಹುದು. ಹಿಂದೆ 5.38, ಮುಂದೆ 4.88 ಇದ್ದರೆ ದಿನನಿತ್ಯದ ಓಡಾಟದಲ್ಲಿ ಗೊತ್ತೇ ಆಗುವುದಿಲ್ಲ. ಫೋರ್ ವೀಲ್ ಹಾಕಿದಾಗ ಹಿಂದಿನ ಚಕ್ರ 100 ಮೀಟರ್ ಹೋಗುವಷ್ಟರಲ್ಲಿ ಮುಂದಿನದು 110 ಮೀಟರ್ ಹೋಗಲು ನೋಡುತ್ತದೆ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋದೀತು. ಗಟ್ಟಿ ನೆಲದಲ್ಲಿ ಆ ಬಿಗಿತವೆಲ್ಲ ಟ್ರಾನ್ಸ್‌ಫರ್ ಕೇಸಿನ ಮೇಲೆ, ಶಾಫ್ಟುಗಳ ಮೇಲೆ ಬೀಳುತ್ತದೆ. ಏನಾದರೂ ಮುರಿಯುವುದು ಘಾಟಿಯ ನಡುವೆಯೇ.

ಇದನ್ನು ಸೊಸೈಟಿಯ ಪಾರ್ಕಿಂಗಿನಲ್ಲೇ ಕಂಡುಕೊಳ್ಳಬಹುದು. ಸಮತಟ್ಟಾದ ಕಾಂಕ್ರೀಟ್ ನೆಲ, ಜ್ಯಾಕು, ಒಂದು ಸ್ಟ್ಯಾಂಡು, ಸೀಮೆಸುಣ್ಣ, ಜೊತೆಗೊಬ್ಬರು ಇದ್ದರೆ ಸಾಕು.

ಮೊದಲು ನೆಲದ ಮೇಲಿರುವ ಮೂರು ಚಕ್ರಗಳಿಗೂ ಹಿಂದೆ ಮುಂದೆ ಕಲ್ಲು ಇಲ್ಲವೇ ಮರದ ತುಂಡು ಕೊಡಿ. ಈ ಜೀಪುಗಳಲ್ಲಿ ಹಲವಕ್ಕೆ ಹ್ಯಾಂಡ್‌ಬ್ರೇಕ್ ಶಾಫ್ಟನ್ನೇ ಹಿಡಿಯುವುದರಿಂದ ಅದನ್ನು ಬಿಟ್ಟಿರಬೇಕು. ಹಾಗಾಗಿ ಈ ಕಲ್ಲುಗಳೇ ಆಧಾರ. ಗೇರು ನ್ಯೂಟ್ರಲ್‌ನಲ್ಲಿ, ಗಾಡಿ ಟೂ ವೀಲ್‌ನಲ್ಲಿ ಇರಲಿ. ಜ್ಯಾಕು ಏರಿಸುವ ಮೊದಲೇ ಶಾಫ್ಟಿನ ಮೇಲೊಂದು, ಟೈರಿನ ಮೇಲೊಂದು ಗೆರೆ ಎಳೆಯಿರಿ. ಆಮೇಲೆ ಹಿಂದಿನ ಒಂದೇ ಚಕ್ರವನ್ನು ಎತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಗಾಡಿಯ ಅಡಿಗೆ ತಲೆ ಹಾಕುವುದು ಬೇಡ. ಮೊಬೈಲನ್ನು ನೆಲದ ಮೇಲಿಟ್ಟು ಶಾಫ್ಟಿನ ವಿಡಿಯೋ ಮಾಡಿ.

ಈಗ ಎತ್ತಿದ ಚಕ್ರವನ್ನು ಒಂದೇ ದಿಕ್ಕಿಗೆ ಸರಿಯಾಗಿ 16 ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಡಿಫರೆನ್ಶಿಯಲ್ ಒಳಗೆ ಕ್ರೌನು ತಿರುಗುವುದು ಅರ್ಧ, ಅಂದರೆ 8 ಸುತ್ತು ಮಾತ್ರ. ವಿಡಿಯೋದಲ್ಲಿ ಶಾಫ್ಟು 39 ಸುತ್ತು ತಿರುಗಿದ್ದರೆ ರೇಶಿಯೋ 4.88, 43 ಆದರೆ 5.38. ಬೇರೆ ಯಾವುದೇ ಸಂಖ್ಯೆ ಬಂದರೂ ಅದನ್ನು 8ರಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಎರಡು ಸುತ್ತಿಗೇ ನಿಲ್ಲಿಸಿದರೆ ಕಣ್ಣಂದಾಜಿನ ತಪ್ಪು ದೊಡ್ಡದಾಗುತ್ತದೆ, ಅದಕ್ಕೇ 16.

ಮುಂದಿನ ಆಕ್ಸಲಿಗೂ ಇದೇ ಕ್ರಮ. ಫ್ರೀ ವೀಲ್ ಹಬ್ ಇದ್ದರೆ ಅದನ್ನು ಲಾಕ್ ಮಾಡಿಕೊಳ್ಳಿ.

ಹಿಂದಿನ ಚಕ್ರದಿಂದ ಓಡುವ ಬೊಲೆರೊದಂಥ ಗಾಡಿಗಳಿಗೂ ಈ ಲೆಕ್ಕ ಹೊಂದುತ್ತದೆ. ಜೀಪು ಕೊಳ್ಳುವವರು ಮಾತ್ರ ಹಿಂದೆ ಮುಂದೆ ಎರಡೂ ಒಂದೇ ಬಂದ ಮೇಲೆಯೇ ಮುಂಗಡ ಕೊಡಿ. ಬೇರೆ ಬೇರೆ ಬಂದರೆ ಒಂದು ಕ್ರೌನ್-ಪಿನಿಯನ್ ಜೋಡಿಯ ಬೆಲೆ, ಜೊತೆಗೆ ಕೂರಿಸುವ ಕೂಲಿಯನ್ನು ಜೀಪಿನ ಬೆಲೆಯಿಂದ ಕಳೆದು ಚೌಕಾಸಿ ಮಾಡಿ. ಕೈಯಲ್ಲಿ ವಿಡಿಯೋ ಇದ್ದರೆ ಮಾರುವವರ ಮಾತು ತಾನಾಗಿ ತಗ್ಗುತ್ತದೆ.