ಗರ್ಭಕಂಠದ ಅರ್ಬುದವೂ ಗೃಹಸ್ಥರ ಹೊಣೆಯೂ

ನಮ್ಮ ಜನರಲ್ಲಿ ಹೇಳಿಕೊಳ್ಳಬಹುದಾದ ರೋಗಗಳೆಂದೂ ಹೇಳಿಕೊಳ್ಳಬಾರದ ರೋಗಗಳೆಂದೂ ಎರಡು ಬಗೆ ಉಂಟು. ಚಳಿಜ್ವರ ಬಂದರೆ ಕೇರಿಯವರೆಲ್ಲ ಬಂದು ವಿಚಾರಿಸುತ್ತಾರೆ. ಗರ್ಭಕೋಶಕ್ಕೆ ಸಂಬಂಧಪಟ್ಟ ವ್ಯಾಧಿಯಾದರೋ, ಹೆಂಗಸು ಕಟ್ಟಿಕೊಂಡ ಗಂಡನಿಗೂ ಹೇಳಳು. ಹೇಳಿದರೆ ಆತನು ವೈದ್ಯರಿಗೆ ಹೇಳನು. ಈ ಮೌನದ ಬೆಲೆಯೇನೆಂಬುದನ್ನು ಅಂಕಿಗಳೇ ಸಾರುತ್ತವೆ. ಗರ್ಭಕೋಶದ ಬಾಯಿಗೆ, ಎಂದರೆ ಗರ್ಭಕಂಠಕ್ಕೆ, ತಗಲುವ ಅರ್ಬುದವು, ಈಗ ಎಲ್ಲರೂ ಕ್ಯಾನ್ಸರ್ ಎಂದು ಕರೆಯುವ ರೋಗವು, 2022ನೆಯ ಇಸವಿಯೊಂದರಲ್ಲೇ ನಮ್ಮ ದೇಶದ 1,27,000ಕ್ಕೂ ಹೆಚ್ಚು ಸ್ತ್ರೀಯರಿಗೆ ಹೊಸದಾಗಿ ಅಂಟಿತೆಂದೂ, ಸುಮಾರು 80,000 ಮಂದಿ ಅದರಿಂದ ಮೃತರಾದರೆಂದೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯವರ ಅಂದಾಜು. ವರ್ಷಗಟ್ಟಲೆ ಮುಂಚಿತವಾಗಿ ಕಂಡುಹಿಡಿದು ತಡೆಯಬಹುದಾದ ರೋಗದಿಂದ ಇಷ್ಟು ಮಂದಿ ತಾಯಂದಿರು ಸಾಯುವುದು ಯಾವ ಸಮಾಜಕ್ಕೂ ಮರ್ಯಾದೆಯಲ್ಲ.

ಶ್ರೀನಿವಾಸಪುರ ತಾಲ್ಲೂಕು ಯಲ್ದೂರು ಹೋಬಳಿಯ ಒಬ್ಬ ಗೃಹಿಣಿಯನ್ನು ವಾಚಕ ಮಹಾಶಯರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಹದಿನಾರರಲ್ಲಿ ಮದುವೆ, ಇಪ್ಪತ್ತೈದು ತುಂಬುವುದರೊಳಗೆ ಮೂರು ನಾಲ್ಕು ಹೆರಿಗೆ, ಆ ಬಳಿಕ ಮಕ್ಕಳಾಗದಂತೆ ಆಪರೇಷನ್. ಅಲ್ಲಿಗೆ ಆಸ್ಪತ್ರೆಯ ಋಣ ತೀರಿತೆಂದು ಆಕೆ ತಿಳಿಯುತ್ತಾಳೆ. ಮಾವಿನ ತೋಪಿನ ಕೂಲಿ, ಟೊಮೇಟೊ ಹೊಲದ ಕಳೆ, ರೇಷ್ಮೆಹುಳುವಿನ ಸಾಕಣೆ, ಎರಡು ಹೊತ್ತು ಹಾಲು ಕರೆಯುವುದು, ಇಷ್ಟರಲ್ಲೇ ಇಪ್ಪತ್ತು ವರ್ಷ ಕಳೆದುಹೋಗುತ್ತದೆ. ನಲವತ್ತೈದರ ಸುಮಾರಿಗೆ ಹೊತ್ತಲ್ಲದ ಹೊತ್ತಿನಲ್ಲಿ ರಕ್ತಸ್ರಾವವಾದರೆ, ಮುಟ್ಟು ನಿಲ್ಲುವ ಕಾಲದಲ್ಲಿ ಇದೆಲ್ಲ ಸಹಜವೆಂದು ನೆರೆಯವರು ಸಮಾಧಾನ ಹೇಳುತ್ತಾರೆ. ಸ್ರಾವಕ್ಕೆ ದುರ್ವಾಸನೆ ಕೂಡಿ, ಸೊಂಟದ ನೋವು ನಿದ್ರೆಗೆಡಿಸಿದ ಮೇಲೆ ಬಸ್ಸು ಹತ್ತಿ ಕೋಲಾರಕ್ಕೂ, ಅಲ್ಲಿಂದ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೂ ಹೋಗುವ ವೇಳೆಗೆ ರೋಗವು ಗರ್ಭಕಂಠವನ್ನು ಮೀರಿ ಹಬ್ಬಿರುತ್ತದೆ. ಇದು ಒಬ್ಬಳ ಕಥೆಯಲ್ಲ. ಇಂಥವರು ಹಳ್ಳಿಹಳ್ಳಿಯಲ್ಲಿಯೂ ಇದ್ದಾರೆ.

ಈ ರೋಗದ ಮೂಲವೇನು? ಸನ್ಯಾಸಿನಿಯರಲ್ಲಿ ಇದು ಅಪರೂಪ, ವಿವಾಹಿತರಲ್ಲಿ ಹೆಚ್ಚು ಎಂಬುದನ್ನು ಇಟಲಿಯ ರಿಗೋನಿ ಸ್ಟರ್ನ್ ಎಂಬ ವೈದ್ಯನು 1842ರಷ್ಟು ಹಿಂದೆಯೇ ಗಮನಿಸಿದ್ದನು. ಕಾರಣವು ತಿಳಿಯಲು ಮತ್ತೆ ನೂರನಲವತ್ತು ವರ್ಷ ಹಿಡಿಯಿತು. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಎಂಬ ವಿಜ್ಞಾನಿಯು ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ 16ನೆಯ ಮತ್ತು 18ನೆಯ ಜಾತಿಗಳನ್ನು 1983-84ರಲ್ಲಿ ಈ ಗಡ್ಡೆಗಳಲ್ಲಿ ಕಂಡುಹಿಡಿದು, 2008ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ದಾಂಪತ್ಯಸಂಬಂಧದಿಂದ ಹರಡುವ ಈ ವೈರಸ್ಸು ಬಹು ಸಾಮಾನ್ಯವಾದುದು; ತಗಲಿದವರಲ್ಲಿ ಹೆಚ್ಚುಪಾಲು ಮಂದಿಯ ದೇಹವು ಒಂದೆರಡು ವರ್ಷಗಳಲ್ಲಿ ಅದನ್ನು ತಾನಾಗಿ ಹೊರಹಾಕುತ್ತದೆ. ಎಲ್ಲೋ ಕೆಲವರಲ್ಲಿ ಅದು ಬೀಡುಬಿಟ್ಟು, ಹತ್ತು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರಾಗಿ ಪರಿಣಮಿಸುತ್ತದೆ.

ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಸಂಬಂಧದಿಂದ ಹರಡುವ ರೋಗವೆಂದ ಕೂಡಲೇ ಹೆಂಗಸಿನ ನಡತೆಯ ಮೇಲೆ ಸಂಶಯಪಡುವ ಕೆಟ್ಟ ಚಾಳಿ ನಮ್ಮಲ್ಲಿದೆ. ಆ ಭಯಕ್ಕಾಗಿಯೇ ಎಷ್ಟೋ ಮಂದಿ ಪರೀಕ್ಷೆಗೆ ಹೋಗುವುದಿಲ್ಲ. ವಾಸ್ತವವೇನೆಂದರೆ, ಹುಟ್ಟಿದಾರಭ್ಯ ಒಬ್ಬನೇ ಪುರುಷನನ್ನು ಬಲ್ಲ ಸಾಧ್ವಿಗೂ ಈ ವೈರಸ್ಸು ಗಂಡನಿಂದ ಬರಬಹುದು. ಗಂಡನ ಅನ್ಯಸಂಬಂಧಗಳು ಹೆಚ್ಚಿದಷ್ಟೂ ಹೆಂಡತಿಯ ಅಪಾಯವೂ ಹೆಚ್ಚುತ್ತದೆ. ಗಂಡಸಿಗೆ ಬಹುಮಟ್ಟಿಗೆ ಯಾವ ಲಕ್ಷಣವೂ ತೋರದು. ತಾನು ಮನೆಗೆ ಏನನ್ನು ತಂದೆನೆಂಬುದು ಅವನಿಗೇ ಗೊತ್ತಿರದು. ಹೀಗಿರುವಾಗ ರೋಗಿಯ ಶೀಲವನ್ನು ಶಂಕಿಸುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯ.

ಅಪಾಯವನ್ನು ಹೆಚ್ಚಿಸುವ ಉಳಿದ ಕಾರಣಗಳಲ್ಲಿಯೂ ಬಹುಪಾಲು ಹೆಂಗಸಿನ ಸ್ವಂತ ಇಚ್ಛೆಗೆ ಸೇರಿದುವಲ್ಲ. ಎಳೆಯ ವಯಸ್ಸಿನ ಮದುವೆ ಅವುಗಳಲ್ಲಿ ಒಂದು. ಪೂರ್ಣವಾಗಿ ಬಲಿಯದ ಗರ್ಭಕಂಠದ ಪೊರೆಯು ವೈರಸ್ಸಿಗೆ ಸುಲಭವಾಗಿ ತುತ್ತಾಗುತ್ತದೆ. ಶಿಶುವಿವಾಹದ ವಿರುದ್ಧ 1894ರಷ್ಟು ಹಿಂದೆಯೇ ರೆಗ್ಯುಲೇಷನ್ ಮಾಡಿದ ಕೀರ್ತಿ ಮೈಸೂರು ಸಂಸ್ಥಾನದ್ದು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20-24 ವಯಸ್ಸಿನ ಸ್ತ್ರೀಯರ ಪೈಕಿ ಐವರಲ್ಲಿ ಒಬ್ಬಳಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತೆಂದು ಕಂಡುಬಂದುದು ತಲೆತಗ್ಗಿಸತಕ್ಕ ವಿಷಯ. ಮೇಲಿಂದ ಮೇಲೆ ಹೆರುವುದು ಮತ್ತೊಂದು ಕಾರಣ. ವೈರಸ್ಸು ತಗಲಿದವರಲ್ಲಿ, ಏಳಕ್ಕೆ ಮೇಲ್ಪಟ್ಟು ಹೆತ್ತವಳಿಗೆ ಹೆರದವಳಿಗಿಂತ ಸುಮಾರು ನಾಲ್ಕು ಪಟ್ಟು ಅಪಾಯವೆಂದು ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ತಿಳಿದುಬಂದಿದೆ. ಧೂಮಪಾನವೂ ಸೇರಿಕೊಳ್ಳುತ್ತದೆ. ಎಚ್.ಐ.ವಿ. ಸೋಂಕಿನಿಂದ ದೇಹದ ರಕ್ಷಣಶಕ್ತಿ ಕುಂದಿದವರಿಗೆ ಅಪಾಯವು ಆರು ಪಟ್ಟು. ಗರ್ಭನಿರೋಧಕ ಗುಳಿಗೆಗಳನ್ನು ಐದು ವರ್ಷಕ್ಕೂ ಮೀರಿ ನುಂಗಿದರೆ ಅಪಾಯವು ಸ್ವಲ್ಪ ಏರಿ, ನಿಲ್ಲಿಸಿದ ಮೇಲೆ ಕ್ರಮೇಣ ಇಳಿಯುತ್ತದೆ. ಇವೆಲ್ಲಕ್ಕೂ ಮಿಗಿಲಾದ ಕಾರಣವೆಂದರೆ ಪರೀಕ್ಷೆಯೇ ಆಗದಿರುವುದು. ಅದೇ ಸಮೀಕ್ಷೆಯಂತೆ ದೇಶದ 30-49 ವಯಸ್ಸಿನ ಸ್ತ್ರೀಯರಲ್ಲಿ ಈ ರೋಗಕ್ಕಾಗಿ ಒಮ್ಮೆಯಾದರೂ ಪರೀಕ್ಷೆಗೊಳಗಾದವರು ನೂರಕ್ಕೆ ಇಬ್ಬರೂ ಇಲ್ಲ!

ಪರೀಕ್ಷೆಯಾದರೋ ಕಷ್ಟವಾದುದಲ್ಲ. ತರಬೇತಿ ಪಡೆದ ದಾದಿಯು ಗರ್ಭಕಂಠಕ್ಕೆ ತೆಳುವಾದ ಅಸೆಟಿಕ್ ಆಮ್ಲವನ್ನು, ಎಂದರೆ ಅಡುಗೆಯ ವಿನಿಗರಿನಲ್ಲಿರುವ ಹುಳಿಯನ್ನೇ, ಸವರಿ ಒಂದು ನಿಮಿಷ ಕಾದು ನೋಡುತ್ತಾಳೆ. ಕೆಟ್ಟ ಜಾಗವಿದ್ದರೆ ಬೆಳ್ಳಗೆ ಕಾಣುತ್ತದೆ. ಅದನ್ನು ಶೈತ್ಯದಿಂದ ಸುಟ್ಟುಬಿಟ್ಟರೆ ಕ್ಯಾನ್ಸರಿಗೆ ಬೇರೇ ಇರದು. ನಮ್ಮ ನೆರೆಯ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಹಳ್ಳಿಗಳಲ್ಲಿ ಇದನ್ನು ಒಂದೇ ಸಲ ಮಾಡಿದ್ದರಿಂದ ಈ ರೋಗದ ಮರಣಗಳು ನೂರಕ್ಕೆ 35ರಷ್ಟು ತಗ್ಗಿದುವೆಂದು 2007ರಲ್ಲಿ ಪ್ರಕಟವಾಯಿತು. ದಿಂಡಿಗಲ್ಲಿನ ಹಳ್ಳಿಯಲ್ಲಿ ಸಾಧ್ಯವಾದುದು ಯಲ್ದೂರಿನಲ್ಲಿ ಏಕೆ ಸಾಧ್ಯವಾಗಬಾರದು? 30 ವರ್ಷ ಮೀರಿದವರನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸತಕ್ಕದ್ದೆಂದು ಭಾರತ ಸರ್ಕಾರವೇ 2016ರಲ್ಲಿ ವಿಧಿಸಿದೆ.

ಮುಂದಿನ ಪೀಳಿಗೆಗೆ ಲಸಿಕೆಯೂ ಇದೆ. ಪುಣೆಯಲ್ಲಿ ತಯಾರಾದ ಸರ್ವಾವ್ಯಾಕ್ ಎಂಬ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. 9ರಿಂದ 14ರ ವಯಸ್ಸಿನಲ್ಲಿ, ವೈರಸ್ಸಿನ ಸಂಪರ್ಕಕ್ಕೆ ಮೊದಲೇ, ಹಾಕಿಸುವುದು ಉತ್ತಮ. ಇಂಗ್ಲೆಂಡಿನಲ್ಲಿ 12-13ರ ವಯಸ್ಸಿನಲ್ಲಿ ಲಸಿಕೆಯ ಅವಕಾಶ ಪಡೆದ ತಲೆಮಾರಿನಲ್ಲಿ ಈ ಕ್ಯಾನ್ಸರು ನೂರಕ್ಕೆ 87ರಷ್ಟು ಇಳಿದುದು 2021ರಲ್ಲಿ ತಿಳಿದುಬಂದಿತು. ಆದರೆ ಮೊದಲೇ ತಗಲಿರುವ ವೈರಸ್ಸನ್ನು ಲಸಿಕೆಯು ಓಡಿಸದು; ಲಸಿಕೆ ಪಡೆದವರೂ ವಯಸ್ಸು ಬಂದ ಮೇಲೆ ಪರೀಕ್ಷೆಗೆ ಹೋಗತಕ್ಕದ್ದೇ.

ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಪರೀಕ್ಷೆಯನ್ನು ಸ್ತ್ರೀಯರೇ ನಡೆಸಲಿ, ಮರೆಯಾದ ಕೋಣೆಯಿರಲಿ, ಕೂಲಿ ತಪ್ಪದ ಹೊತ್ತಿನಲ್ಲಿ ಆಗಲಿ; ಆಪರೇಷನ್ ಆದ ಹೆಂಗಸಿಗೆ ಮೂವತ್ತಾದ ಮೇಲೆ ಮತ್ತೆ ಬರಬೇಕೆಂದು ಆ ದಿನವೇ ತಿಳಿಸಲಿ. ಈ ಲೇಖನವನ್ನು ಓದುವ ಗೃಹಸ್ಥರಲ್ಲಿ ಕೇಳುವುದು ಇನ್ನೂ ಸುಲಭವಾದುದು. ತಾವು ಪತ್ರಿಕೆಯನ್ನು ಮಡಿಸಿಟ್ಟು ಒಳಗೆ ಹೋಗಿ, ಮನೆಯವರನ್ನು ಈ ವಿಷಯವಾಗಿ ಒಂದು ಮಾತು ಕೇಳಬೇಕು. ಪರೀಕ್ಷೆಯ ದಿನ ಜೊತೆಗೆ ಹೋಗಿ ಆಸ್ಪತ್ರೆಯ ಜಗುಲಿಯಲ್ಲಿ ಕುಳಿತಿರಬೇಕು. ಮಾನವನ್ನು ಕಾಯುವುದೆಂದರೆ ರೋಗವನ್ನು ಬಚ್ಚಿಡುವುದಲ್ಲ. ಪ್ರಾಣವನ್ನು ಉಳಿಸುವುದೇ ಮಾನ.